ಒಂದು ಕೈ, ಎರಡು ಐಡಿ: ಆನ್‌ಲೈನ್ ಆಟದಲ್ಲಿ ಬಲ ಸರಿದೂಗಿಸುವುದು ಹೇಗೆ?

ಕಳೆದ ನವೆಂಬರ್‌ನಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕೆಲವು ಕನ್ನಡ ಮನೆಗಳವರು ಸೇರಿ ರಾಜ್ಯೋತ್ಸವ ಮಾಡಿದೆವು. ಬೆಳಿಗ್ಗೆ ಮಕ್ಕಳ ಹಾಡು, ಮಧ್ಯಾಹ್ನ ಬಿಸಿಬೇಳೆಬಾತ್. ಊಟ ಆದಮೇಲೆ ಹುಡುಗರಿಗೆ ಅಂತ ಒಂದು ಮೊಬೈಲ್ ಗೇಮ್ ಪಂದ್ಯ. ಅದರ ಹೊಣೆ ನನ್ನದು. ನಾನು ಎರಡು ಗುಂಪು ಮಾಡಿದ್ದೆ. ಐಡಿ ಅಂದರೆ ಆಟದ ಖಾತೆ, ರ್ಯಾಂಕ್ ಅಂದರೆ ಅದರ ಮಟ್ಟ. ಸಿಲ್ವರ್ ಅನ್ನುವ ಕೆಳ ಮಟ್ಟದ ಅಥವಾ ಅದಕ್ಕಿಂತ ಕೆಳಗಿನ ರ್ಯಾಂಕಿನ ಐಡಿಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ.

ಕೆಳಗಿನ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಸಿಲ್ವರ್ ಐಡಿ. ಆದರೆ ಎರಡು ನಿಮಿಷ ನೋಡುವಷ್ಟರಲ್ಲಿ ನನಗೆ ಅನುಮಾನ ಬಂತು. ಪಳಗಿದವರ ಹಾಗೆ ಫೋನಿನ ಮೇಲೆ ನಾಲ್ಕು ಬೆರಳಿಟ್ಟು ಆಡುತ್ತಿದ್ದ. ಎದುರಾಳಿ ಗೋಡೆಯ ಮರೆಯಿಂದ ಹೊರಗೆ ಬರುವ ಮೊದಲೇ ಆ ಜಾಗಕ್ಕೆ ಗನ್ ತಿರುಗಿಸಿ ಕಾಯುತ್ತಿದ್ದ. ಐಡಿ ಹುಟ್ಟಿ ಮೂರು ವಾರ ಆಗಿತ್ತಷ್ಟೆ. ನಿಜವಾದ ಐಡಿ ಬೇರೆ ಇದೆ, ಅದು ತುಂಬ ಮೇಲಿನ ರ್ಯಾಂಕಿನದು ಅಂತ ಆಮೇಲೆ ಅವನೇ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಆರನೇ ಕ್ಲಾಸಿನ ಒಬ್ಬ ಹುಡುಗ ಅವನ ಕೈಲಿ ನಾಲ್ಕು ಸಲ ಸೋತು, ಫೋನನ್ನು ಅಮ್ಮನ ಕೈಗೆ ಕೊಟ್ಟು, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಆ ಮುಖ ನನಗೆ ಮರೆಯುವುದಿಲ್ಲ.

ಸಂಜೆ ಪಾಲಕರು ನನ್ನ ಸುತ್ತ ನಿಂತರು. "ಒಂದು ಫೋನಿಗೆ ಒಂದೇ ಐಡಿ ಅಂತ ರೂಲ್ ಮಾಡಿಬಿಡಿ, ಮುಗೀತು" ಅಂದರು ಒಬ್ಬರು. ಎಲ್ಲರೂ ತಲೆ ಆಡಿಸಿದರು. ಆದರೆ ಅದೇ ಕೋಣೆಯ ಮೂಲೆಯಲ್ಲಿ ಪಕ್ಕದ ಕಲ್ಯಾಣದಿಂದ ಬಂದ ಅಣ್ಣ-ತಮ್ಮ ಒಂದೇ ಫೋನನ್ನು ಸರದಿ ಮೇಲೆ ಹಿಡಿದು ಆಡುತ್ತಿದ್ದರು. ಒಂದು ಫೋನು, ಎರಡು ಐಡಿ. ಆ ರೂಲ್ ಇದ್ದಿದ್ದರೆ ಮೊದಲು ಹೊರಗೆ ಹೋಗುತ್ತಿದ್ದವರು ಅವರು. ನಾಲ್ಕು ಬೆರಳಿನ ಹುಡುಗನ ಹತ್ತಿರ ಎರಡು ಫೋನಿದ್ದವು. ಅವನಿಗೆ ಆ ರೂಲ್ ತಾಗುತ್ತಲೇ ಇರಲಿಲ್ಲ.

ಅವತ್ತಿನಿಂದ ನಾನು ಈ ವಿಷಯದ ಬೆನ್ನು ಹತ್ತಿದೆ. ದೊಡ್ಡ ದೊಡ್ಡ ಆಟಗಳನ್ನು ನಡೆಸುವವರು ಇದೇ ಪೇಚಿನಲ್ಲಿ ವರ್ಷಗಟ್ಟಲೆ ಒದ್ದಾಡಿದ್ದಾರೆ. ಅವರು ಕಂಡುಕೊಂಡದ್ದು ಒಂದು ಪಾಲಕರ ಸಭೆಗೂ ಉಪಯೋಗಕ್ಕೆ ಬರುತ್ತದೆ.

ಬಲ ಮುಚ್ಚಿಟ್ಟು ಕೆಳಗಿನವರ ನಡುವೆ ಆಡಲು ಬಳಸುವ ಇಂಥ ಎರಡನೇ ಐಡಿಗೆ, ಹಾಗೆ ಆಡುವವನಿಗೂ, ಹುಡುಗರು ಸ್ಮರ್ಫ್ ಅನ್ನುತ್ತಾರೆ. ಬೆಲ್ಜಿಯಂ ಕಾಮಿಕ್ಸಿನ ಪುಟಾಣಿ ನೀಲಿ ಜನರ ಹೆಸರು ಅದು. 1990ರ ದಶಕದ ನಡುವೆ ವಾರ್‌ಕ್ರಾಫ್ಟ್ 2 ಆಟದಲ್ಲಿ ಇಬ್ಬರು ಗಟ್ಟಿ ಆಟಗಾರರು ಹೆಸರು ಮಾಡಿದ್ದರು. ಅವರ ಹೆಸರು ಕಂಡರೆ ಎದುರಿನವರು ಆಟ ಬಿಟ್ಟು ಹೋಗುತ್ತಿದ್ದರು. ಹಾಗಾಗಿ ಅವರು ಪಾಪಾ ಸ್ಮರ್ಫ್, ಸ್ಮರ್ಫೆಟ್ ಅಂತ ಹೊಸ ಹೆಸರಿಟ್ಟುಕೊಂಡು ಬಂದರು. ಗೊತ್ತಿಲ್ಲದವರು ಆಡಲು ಒಪ್ಪಿದರು, ಸೋತರು. ಆ ಹೆಸರೇ ಈ ಕೆಲಸದ ಹೆಸರಾಗಿ ಉಳಿಯಿತು.

ಮುಂಬೈಯವರಿಗೆ ಇದನ್ನು ಕ್ರಿಕೆಟ್ ಹಿಡಿದು ಹೇಳಿದರೆ ಬೇಗ ತಿಳಿಯುತ್ತದೆ. ಇಲ್ಲಿನ ಮೈದಾನಗಳಲ್ಲಿ ಶಾಲಾ ಹುಡುಗರ ಗೈಲ್ಸ್ ಶೀಲ್ಡ್ 14 ವರ್ಷದೊಳಗಿನವರದು, ಹ್ಯಾರಿಸ್ ಶೀಲ್ಡ್ 16 ವರ್ಷದೊಳಗಿನವರದು. ದೇಶದ ಎಲ್ಲ ಕಡೆ ಇಂಥ ವಯೋಮಿತಿ ಪಂದ್ಯಗಳಿಗೆ ಕಾಡುವ ರೋಗ ಒಂದೇ. ವಯಸ್ಸು ಮುಚ್ಚಿಟ್ಟು ಕೆಳಗಿನ ಗುಂಪಿನಲ್ಲಿ ಆಡುವುದು. ಅದಕ್ಕೇ ಬಿಸಿಸಿಐ 16 ವರ್ಷದೊಳಗಿನ ಹುಡುಗರಿಗೆ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಸರ್ಟಿಫಿಕೇಟ್ ಏನು ಬೇಕಾದರೂ ಹೇಳಲಿ, ಮೂಳೆ ಬೇರೆ ಹೇಳಬಹುದು. ಆದರೆ ಮೂಳೆ ಹೇಳುವುದೂ ಒಂದು ಅಂದಾಜು ಮಾತ್ರ. ಒಬ್ಬ ಹುಡುಗ ಬೇಗ ಬೆಳೆಯುತ್ತಾನೆ, ಇನ್ನೊಬ್ಬ ನಿಧಾನ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರ್ಯಾಂಕಿನ ಹಿಂದಿನ ಅಂಕಿ

ಸಿಲ್ವರ್, ಗೋಲ್ಡ್ ಅನ್ನುವುದೆಲ್ಲ ನಮಗೆ ಕಾಣುವ ಬಣ್ಣ. ಅದರ ಹಿಂದೆ ಪ್ರತಿ ಐಡಿಗೂ ಒಂದು ಅಂಕಿ ಇರುತ್ತದೆ. ಈ ಲೆಕ್ಕದ ಬೇರು ಚೆಸ್‌ನಲ್ಲಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದ ಅರ್ಪಾದ್ ಎಲೊ ಇದನ್ನು ರೂಪಿಸಿದರು. ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಸಂಸ್ಥೆ ಫಿಡೆ 1970ರಲ್ಲಿ ಇದನ್ನು ಒಪ್ಪಿಕೊಂಡವು.

ಎಲೊ ಅವರ ಲೆಕ್ಕದಲ್ಲಿ ಅಂಕಿಗಿಂತ ಅಂತರ ಮುಖ್ಯ. ಇಬ್ಬರ ನಡುವೆ 200 ಅಂಕದ ಅಂತರ ಇದ್ದರೆ, 100 ಆಟದಲ್ಲಿ ಮೇಲಿನವನಿಗೆ ಸುಮಾರು 76 ಸಿಗಬೇಕು. 400 ಇದ್ದರೆ ಸುಮಾರು 91. ಈ ನಿರೀಕ್ಷೆಗೆ ತಕ್ಕಂತೆ ನಡೆದರೆ ಅಂಕಿ ಸ್ವಲ್ಪವೇ ಅಲ್ಲಾಡುತ್ತದೆ. ತಿರುಗುಮುರುಗಾದರೆ ಜಾಸ್ತಿ ಅಲ್ಲಾಡುತ್ತದೆ. ಒಂದು ಆಟಕ್ಕೆ 20 ಅಂಕ ಪಣ ಅಂದುಕೊಳ್ಳಿ. ಸಮಬಲದ ಇಬ್ಬರು ಆಡಿದರೆ ಗೆದ್ದವನಿಗೆ 10 ಬರುತ್ತದೆ, ಸೋತವನಿಗೆ 10 ಹೋಗುತ್ತದೆ. 200 ಮೇಲಿರುವವನು ಗೆದ್ದರೆ ಅವನಿಗೆ ಸಿಗುವುದು ಸುಮಾರು 5. ಸೋತರೆ ಹೋಗುವುದು ಸುಮಾರು 15. ಬಲಶಾಲಿ ಗೆಲ್ಲುವುದು ದೊಡ್ಡ ಸುದ್ದಿ ಅಲ್ಲ, ಅಷ್ಟೇ.

ಈಗ ಸ್ಮರ್ಫ್ ಬರಲಿ. ಅವನ ನಿಜವಾದ ಬಲ 2000. ಹೊಸ ಐಡಿಯಲ್ಲಿ ಬರೆದಿರುವುದು 1200. ಎದುರು ಕೂತ ಹುಡುಗನದು ನಿಜವಾಗಿಯೂ 1200. ಕಂಪ್ಯೂಟರ್ ಇದನ್ನು ಸಮಬಲ ಅಂತ ತಿಳಿಯುತ್ತದೆ. ನಿಜದಲ್ಲಿ ಆ ಹುಡುಗ ನೂರರಲ್ಲಿ ಒಂದು ಆಟ ಗೆದ್ದರೆ ಹೆಚ್ಚು. ಸ್ಮರ್ಫ್ ಪ್ರತಿ ಗೆಲುವಿಗೆ 10ರಂತೆ ಮೇಲೆ ಹೋದರೆ 800 ಅಂಕ ಹತ್ತಲು ಕನಿಷ್ಠ 80 ಆಟ ಬೇಕು. ಅಂದರೆ 80 ಸಲ ಯಾರೋ ಒಬ್ಬರು ಚಪ್ಪಲಿ ಹಾಕಿಕೊಳ್ಳುತ್ತಾರೆ. ಐದು ಜನರ ತಂಡದ ಆಟವಾದರೆ 400 ಸಲ.

ಇಷ್ಟೇ ಆಗಿದ್ದರೆ ಬೇಜಾರಿನ ವಿಷಯ ಅನ್ನಬಹುದಿತ್ತು. ಆದರೆ ಸೋತ ಪ್ರತಿಯೊಬ್ಬನ ಅಂಕಿಯೂ ಸುಳ್ಳಾಗಿ ಇಳಿದಿದೆ. ಸ್ಮರ್ಫ್ ಜೊತೆ ಆಡಿದ ನಾಲ್ವರ ಅಂಕಿ ಸುಳ್ಳಾಗಿ ಏರಿದೆ. ಅವರೆಲ್ಲ ನಾಳೆ ಬೇರೆಯವರ ಜೊತೆ ಆಡುತ್ತಾರೆ. ಒಂದು ತಪ್ಪು ಅಂಕಿ ನೂರಾರು ಅಂಕಿಗಳನ್ನು ಸ್ವಲ್ಪ ಸ್ವಲ್ಪ ಕೆಡಿಸುತ್ತದೆ. ಹಾಲಿಗೆ ಹುಳಿ ಬಿದ್ದ ಹಾಗೆ.

ಈ 80ನ್ನು ಕಡಿಮೆ ಮಾಡುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಮಾರ್ಕ್ ಗ್ಲಿಕ್‌ಮನ್ ಅನ್ನುವ ಅಂಕಿಅಂಶ ತಜ್ಞರು. 1995ರಲ್ಲಿ ಅವರು ಗ್ಲಿಕೊ ಅನ್ನುವ ಪದ್ಧತಿ ತಂದರು. ಅಲ್ಲಿ ಪ್ರತಿ ಐಡಿಗೂ ಎರಡು ಅಂಕಿ. ಒಂದು ಬಲದ್ದು. ಇನ್ನೊಂದು, ಆ ಅಂದಾಜಿನ ಮೇಲೆ ನಮಗೆ ಎಷ್ಟು ಭರವಸೆ ಇದೆ ಅನ್ನುವುದರದ್ದು. ಹೊಸ ಐಡಿಗೆ 1500 ಅಂತ ಬರೆದರೂ ಪಕ್ಕದಲ್ಲಿ 350 ಆಚೀಚೆ ಇರಬಹುದು ಅಂತ ಬರೆದಿರುತ್ತದೆ. ಭರವಸೆ ಕಡಿಮೆ ಇರುವ ಐಡಿ ಗೆದ್ದರೆ ದೊಡ್ಡ ಜಿಗಿತ. ಆಡುತ್ತ ಆಡುತ್ತ ಭರವಸೆ ಬೆಳೆದ ಹಾಗೆ ಹೆಜ್ಜೆ ಸಣ್ಣದಾಗುತ್ತದೆ. ತುಂಬ ದಿನ ಆಡದೆ ಇದ್ದರೆ ಭರವಸೆ ಮತ್ತೆ ಕರಗುತ್ತದೆ. ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣ ಬಳಸುವುದು ಇದರ ಎರಡನೇ ರೂಪವನ್ನು. ಐದೈದು ಜನರ ತಂಡದ ಡೋಟಾ 2 ಆಟ ಕೂಡ 2023ರ ಏಪ್ರಿಲ್‌ನಲ್ಲಿ ಗ್ಲಿಕೊ ಕಡೆ ಬಂತು.

ಗ್ಲಿಕೊದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇನ್ನೊಂದಿದೆ. ಅನುಮಾನದ ಐಡಿಯ ಎದುರು ಸೋತವನಿಗೆ ಹೋಗುವ ಅಂಕವೂ ಕಡಿಮೆ. ಎದುರು ಕೂತವನು ಯಾರು ಅಂತ ನಮಗೇ ಗೊತ್ತಿಲ್ಲ, ಹಾಗಾಗಿ ಆ ಸೋಲನ್ನು ಪೂರ್ತಿ ನಂಬಬೇಡ ಅನ್ನುತ್ತದೆ ಲೆಕ್ಕ. ಚಿಕ್ಕಂದಿನಲ್ಲಿ ಬೀದಿ ಆಟದಲ್ಲಿ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುವಾಗ "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅನ್ನುತ್ತಿದ್ದೆವಲ್ವಾ? ಅದೇ ಮಾತು ಇಲ್ಲಿ ಗಣಿತವಾಗಿದೆ. ಹೊಸಬ ಆಡಲಿ. ಅವನು ಗೊತ್ತಾಗುವ ತನಕ ಬೇರೆಯವರ ಲೆಕ್ಕ ಕೆಡದೆ ಇರಲಿ.

ಬರೀ ಗೆಲುವು-ಸೋಲು ನೋಡುವ ಬದಲು ಆಟದ ಒಳಗಿನದನ್ನೂ ನೋಡಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಎಷ್ಟು ಗುರಿ ತಾಗಿತು, ಎಷ್ಟು ಸಲ ಸತ್ತ, ನಡುವೆ ಬಿಟ್ಟು ಹೋದನಾ ಅನ್ನುವುದು. ಮೈಕ್ರೋಸಾಫ್ಟ್‌ನ ಟ್ರೂಸ್ಕಿಲ್ ಅನ್ನುವ ಬಲ ಅಳೆಯುವ ಪದ್ಧತಿಯ ಎರಡನೇ ಆವೃತ್ತಿ, ಇಂಥದ್ದನ್ನೂ ನೋಡುವಂಥದ್ದು, 2018ರಲ್ಲಿ ಬಂತು. ಹೇಲೊ 5 ಆಟದಲ್ಲಿ ಯಾರು ಗೆಲ್ಲುತ್ತಾರೆ ಅಂತ ಮೊದಲನೆಯದು 52% ಸರಿಯಾಗಿ ಹೇಳುತ್ತಿತ್ತು, ಎರಡನೆಯದು 68%. ದೊಡ್ಡ ವ್ಯತ್ಯಾಸ ಇದು. ಆದರೆ ಒಂದು ಅಪಾಯವೂ ಇದೆ. ಕೊಂದ ತಲೆಗೆ ಅಂಕ ಕೊಡುತ್ತೀವಿ ಅಂತ ಗೊತ್ತಾದರೆ ಹುಡುಗರು ತಂಡ ಬಿಟ್ಟು ತಲೆ ಎಣಿಸಲು ಓಡುತ್ತಾರೆ. ಬಿದ್ದ ಜೊತೆಗಾರನನ್ನು ಎತ್ತುವವನಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಹೊಸ ಐಡಿಯನ್ನು ಬೇಗ ಗುರುತಿಸಲು ಮಾತ್ರ ಇದನ್ನು ಬಳಸಿ, ಆಮೇಲೆ ಗೆಲುವನ್ನೇ ನಂಬುವುದು ಮೇಲು ಅಂತ ನನ್ನ ಅಭಿಪ್ರಾಯ.

ಬೇಕಂತಲೇ ಸೋತು ಕೆಳಗೇ ಉಳಿಯುವವರೂ ಇದ್ದಾರೆ. ಅವರ ಆಟದ ಚಿತ್ರವೇ ಬೇರೆ. ಗೆದ್ದಾಗ ಭಾರೀ ಗೆಲುವು, ಸೋತಾಗ ಕೈಯೇ ಆಡಿಸದ ಸೋಲು. ನಿಜವಾಗಿ ಆ ಮಟ್ಟದಲ್ಲಿರುವ ಹುಡುಗನಿಗೆ ಸ್ವಲ್ಪದರಲ್ಲಿ ತಪ್ಪಿದ ಆಟಗಳು ಬೇಕಾದಷ್ಟು ಇರುತ್ತವೆ. ಸ್ಮರ್ಫ್‌ಗೆ ಅವು ಇರುವುದೇ ಇಲ್ಲ.

ಬಾಗಿಲಲ್ಲಿ ಹಿಡಿಯುವುದು, ಹೆಜ್ಜೆಯಲ್ಲಿ ಹಿಡಿಯುವುದು

ಈಗ ಪಾಲಕರ ಪ್ರಶ್ನೆಗೆ ಬರೋಣ. ಎರಡು ಐಡಿ ಒಬ್ಬನದೇ ಅಂತ ಪತ್ತೆ ಮಾಡುವುದು ಹೇಗೆ?

ಮೊದಲ ದಾರಿ ಬಾಗಿಲಲ್ಲಿ ಕಾವಲು. ಕೌಂಟರ್-ಸ್ಟ್ರೈಕ್ ಅನ್ನುವ ಗನ್ ಆಟ 2016ರಲ್ಲಿ, ಡೋಟಾ 2 ಆಟ 2017ರಲ್ಲಿ ಫೋನ್ ನಂಬರನ್ನು ಐಡಿಗೆ ಜೋಡಿಸುವ ಪದ್ಧತಿ ತಂದವು. ಒಂದು ನಂಬರಿಗೆ ಒಂದು ಐಡಿ. ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಹೊಸ ಐಡಿ ಮಾಡಲು ಖರ್ಚು, ಶ್ರಮ ಜಾಸ್ತಿ ಆದರೆ ಸುಮ್ನೆ ಮಾಡುವವರು ಕಡಿಮೆಯಾಗುತ್ತಾರೆ. ಆದರೆ ನಮ್ಮ ದೇಶದಲ್ಲಿ ಒಬ್ಬರ ಹೆಸರಲ್ಲಿ 9 ಸಿಮ್ ತನಕ ಇರಬಹುದು. ಇನ್ನೊಂದು ಕಡೆ ಮನೆಯ ಮೂರು ಮಕ್ಕಳೂ ಅಪ್ಪನ ಒಂದೇ ನಂಬರಿನ ಮೇಲೆ ಬದುಕುತ್ತಾರೆ. ದುಡ್ಡಿರುವವನಿಗೆ ಬಾಗಿಲು ತೆರೆದಿದೆ, ಇಲ್ಲದವನಿಗೆ ಮುಚ್ಚಿದೆ.

ಇಂಟರ್ನೆಟ್ ವಿಳಾಸ ನೋಡುವುದು ಇನ್ನೂ ಕಷ್ಟ. ಮೊಬೈಲ್ ಡೇಟಾದಲ್ಲಿ ಸಾವಿರಾರು ಗ್ರಾಹಕರು ಹೊರಗಿನಿಂದ ಒಂದೇ ಐಪಿ ವಿಳಾಸದವರಾಗಿ ಕಾಣಬಹುದು. ಒಬ್ಬನನ್ನು ತಡೆಯಲು ಆ ವಿಳಾಸ ಮುಚ್ಚಿದರೆ ಬೀದಿಗೆ ಬೀದಿಯೇ ಹೊರಗೆ. ಅದೇ ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಕಡೆ ಲೋಕಲ್ ರೈಲಿನಲ್ಲಿ ಹೋಗುವ ಒಬ್ಬನೇ ಹುಡುಗ ದಾರಿಯಲ್ಲಿ ಬೇರೆ ಬೇರೆ ವಿಳಾಸಗಳಲ್ಲಿ ಕಾಣಿಸಿಕೊಳ್ಳಬಹುದು. ಫೋನಿನ ಗುರುತು ಹಿಡಿದರೆ ಕಲ್ಯಾಣದ ಅಣ್ಣ-ತಮ್ಮಂದಿರು ಸಿಕ್ಕಿಬೀಳುತ್ತಾರೆ. ಬಾಗಿಲ ಕಾವಲು ಯಂತ್ರವನ್ನು ಎಣಿಸುತ್ತದೆ. ನಮಗೆ ಬೇಕಾದದ್ದು ಮನುಷ್ಯನ ಎಣಿಕೆ.

ಎರಡನೇ ದಾರಿ ಇದಕ್ಕಿಂತ ಚೆಂದ. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಕಲಾವಿದರು ಮುಂಬೈಗೆ ಬರುತ್ತಾರೆ. ನಮ್ಮ ಮಾವ ಪ್ರತಿ ವರ್ಷ ಆಟ ನೋಡಲು ಹೋಗುತ್ತಾರೆ. ಬಣ್ಣದ ವೇಷ ಬಂದಾಗ ಮುಖದ ಒಂದು ಇಂಚೂ ಕಾಣುವುದಿಲ್ಲ. ಆದರೂ ಪ್ರವೇಶದ ನಾಲ್ಕು ಹೆಜ್ಜೆಗೇ ಮಾವ ಕಲಾವಿದನ ಹೆಸರು ಹೇಳಿಬಿಡುತ್ತಾರೆ. ಹೇಗೆ ಅಂತ ಕೇಳಿದರೆ, "ಅವನ ತಿರುಗುವಿಕೆ ನೋಡು" ಅನ್ನುತ್ತಾರೆ. ಆಟಗಳಲ್ಲಿ ನಡೆಯುವ ಪತ್ತೆಯೂ ಇದೇ.

ಚೆಸ್‌ನಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಒಬ್ಬ ಆಟಗಾರನ 100 ಆಟಗಳನ್ನು ಕೊಟ್ಟರೆ ಸಾವಿರಾರು ಜನರ ನಡುವೆ ಅವನನ್ನು 98% ಸರಿಯಾಗಿ ಗುರುತಿಸುವ ಪ್ರೋಗ್ರಾಂ ಮಾಡಿದರು. ಹೆಸರಿಲ್ಲ, ಫೋನಿಲ್ಲ, ಬರೀ ನಡೆಗಳು. ಎಲ್ಲಿ ಅವಸರ ಮಾಡುತ್ತಾನೆ, ಯಾವ ಕಾಯಿಯನ್ನು ಬಿಟ್ಟುಕೊಡುತ್ತಾನೆ, ಎಂಥ ತಪ್ಪು ಮಾಡುತ್ತಾನೆ ಅನ್ನುವುದರಲ್ಲೇ ಮನುಷ್ಯ ಅಡಗಿದ್ದಾನೆ.

ಸ್ಟಾರ್‌ಕ್ರಾಫ್ಟ್ 2 ಆಟದ ಕತೆ ಇನ್ನೂ ಸೊಗಸಾಗಿದೆ. ಅಲ್ಲಿ ದೊಡ್ಡ ಆಟಗಾರರು ಅಭ್ಯಾಸ ಮಾಡುವಾಗ ತಮ್ಮ ತಂತ್ರ ಬಯಲಾಗಬಾರದು ಅಂತ, ಉದ್ದಕ್ಕೆ ಗೀಟು ಎಳೆದ ಹಾಗೆ ಕಾಣುವ, ಓದಲಾಗದ ಹೆಸರುಗಳನ್ನು ಇಟ್ಟುಕೊಳ್ಳುತ್ತಾರೆ. ಬಾರ್‌ಕೋಡ್ ಅಂತಲೇ ಅದಕ್ಕೆ ಅಡ್ಡಹೆಸರು. 2015ರಲ್ಲಿ ಫ್ರಾನ್ಸಿನ ಸಂಶೋಧಕರು ಒಂದು ಉಪಾಯ ಮಾಡಿದರು. ಆಟಗಾರರು ಕೀಬೋರ್ಡಿನ ಯಾವ ಕೀಲಿಯನ್ನು ಎಷ್ಟು ಸಲ ಒತ್ತುತ್ತಾರೆ ಅನ್ನುವುದನ್ನು ನೋಡಿ ಐಡಿ ಯಾವುದು ಅಂತ ಹೇಳಲು ಕಂಪ್ಯೂಟರಿಗೆ ಕಲಿಸಿದರು. ಅದು ಬಹಳ ಚೆನ್ನಾಗಿ ಹೇಳಿತು. ಆದರೆ ಕೆಲವು ಜೋಡಿ ಐಡಿಗಳಲ್ಲಿ ಮಾತ್ರ ಪದೇ ಪದೇ ತಡಬಡಾಯಿಸಿತು. ಇದು ಇವನದಾ, ಅವನದಾ ಅಂತ ಅದಲು ಬದಲು ಮಾಡುತ್ತಿತ್ತು. ಸಂಶೋಧಕರಿಗೆ ಬೇಕಾದದ್ದು ಆ ಗೊಂದಲವೇ. ಉಳಿದೆಲ್ಲರನ್ನೂ ಬೇರೆ ಬೇರೆ ಗುರುತಿಸುವ ಯಂತ್ರ ಈ ಎರಡರಲ್ಲಿ ಮಾತ್ರ ಸೋಲುತ್ತಿದೆ ಅಂದರೆ, ಅವೆರಡೂ ಒಂದೇ ಕೈಯವು ಆಗಿರಬೇಕು. ಯಂತ್ರದ ತಪ್ಪನ್ನೇ ಸಾಕ್ಷಿ ಮಾಡಿಕೊಂಡದ್ದು ಎಂಥ ಜಾಣತನ!

ಮೊಬೈಲ್ ಆಟದಲ್ಲಿ ಒಂದು ಎಚ್ಚರ ಬೇಕು. ನಮ್ಮ ಹುಡುಗರು ಯೂಟ್ಯೂಬ್ ನೋಡಿ ಸೆನ್ಸಿಟಿವಿಟಿ ಕೋಡ್, ಅಂದರೆ ಬೆರಳು ಸರಿಸಿದರೆ ಗುರಿ ಎಷ್ಟು ಸರಿಯಬೇಕು ಅನ್ನುವ ಸೆಟ್ಟಿಂಗ್, ನಕಲು ಮಾಡುತ್ತಾರೆ. ಆಟವನ್ನು ನೇರ ಪ್ರಸಾರ ಮಾಡುವ ಒಬ್ಬ ಸ್ಟ್ರೀಮರ್ ಕೊಟ್ಟ ಸೆಟ್ಟಿಂಗ್ ಸಾವಿರಾರು ಫೋನುಗಳಲ್ಲಿ ಇರುತ್ತದೆ. ಹಾಗಾಗಿ ಸೆಟ್ಟಿಂಗ್ ಒಂದೇ ಇದ್ದ ಮಾತ್ರಕ್ಕೆ ಆಳು ಒಬ್ಬನೇ ಅನ್ನಲಾಗದು. ಸೆಟ್ಟಿಂಗ್ ಅನ್ನುವುದು ಅಂಗಡಿಯಲ್ಲಿ ಸಿಗುವ ಅಂಗಿ. ಬೆರಳಿನ ಲಯ ಅವನದೇ. ಗುರಿ ಇಟ್ಟು ಎಷ್ಟು ಹೊತ್ತಿಗೆ ಒತ್ತುತ್ತಾನೆ, ಭಯವಾದಾಗ ಎಡಕ್ಕೆ ಓಡುತ್ತಾನಾ ಬಲಕ್ಕಾ, ಗುಂಡು ಪೂರ್ತಿ ಮುಗಿಯುವ ಮೊದಲೇ ಮತ್ತೆ ತುಂಬುವ ಚಟ ಇದೆಯಾ ಅನ್ನುವುದನ್ನು ನೋಡಬೇಕು. ಹುಡುಗ ರಜೆಗೆ ಊರಿಗೆ ಹೋಗಿ ನಿಧಾನದ ನೆಟ್‌ವರ್ಕ್‌ನಲ್ಲಿ ಆಡಿದರೂ, ಹೊಸ ಫೋನು ಕೊಂಡರೂ ಈ ಲಯ ಸ್ವಲ್ಪ ಕದಲುತ್ತದೆ. ಅದಕ್ಕೂ ಜಾಗ ಬಿಡಬೇಕು.

ಮೂರನೇ ಸುಳಿವು ಒಡನಾಟದ್ದು. ಹೊಸ ಐಡಿ ಹುಟ್ಟಿದ ದಿನದಿಂದ ಹಳೆಯ ಐಡಿಯ ಅದೇ ಮೂರು ಗೆಳೆಯರ ಜೊತೆ ಆಡುತ್ತದೆ. ಒಂದು ಲಾಗ್‌ಔಟ್ ಆದ ಎರಡು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಎರಡೂ ಒಟ್ಟಿಗೆ ಯಾವತ್ತೂ ಕಾಣುವುದಿಲ್ಲ. ಅಣ್ಣ-ತಮ್ಮಂದಿರೂ ಒಂದೇ ಫೋನಿನಲ್ಲಿ ಒಟ್ಟಿಗೆ ಕಾಣಲಾರರು, ನಿಜ. ಆದರೆ ಅವರ ಬೆರಳಿನ ಲಯ ಬೇರೆ, ಗೆಳೆಯರು ಬೇರೆ, ಬಲವೂ ಬೇರೆ. ಒಂದೊಂದೇ ಸುಳಿವು ಏನನ್ನೂ ಸಾಬೀತು ಮಾಡುವುದಿಲ್ಲ. ನಾಲ್ಕೈದು ಸೇರಿದರೆ ಚಿತ್ರ ಮೂಡುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಡೋಟಾ 2 ನಡೆಸುವ ವಾಲ್ವ್ ಕಂಪನಿ 90,000 ಸ್ಮರ್ಫ್ ಐಡಿಗಳನ್ನು ಒಂದೇ ಸಲಕ್ಕೆ ಮುಚ್ಚಿತು. ಪ್ರತಿಯೊಂದರ ಮೂಲ ಐಡಿ ಯಾವುದು ಅಂತಲೂ ಪತ್ತೆ ಮಾಡಿದ್ದೇವೆ, ಇನ್ನು ಮುಂದೆ ಶಿಕ್ಷೆ ಮೂಲ ಐಡಿಗೂ ತಟ್ಟಬಹುದು ಅಂತ ಹೇಳಿತು. ಎಸೆಯಬಹುದಾದ ಐಡಿಯನ್ನು ಮುಚ್ಚಿದರೆ ಯಾರಿಗೂ ನೋವಿಲ್ಲ. ವರ್ಷಗಟ್ಟಲೆ ಬೆಳೆಸಿದ ಐಡಿಗೆ ಕೈ ಹಾಕಿದರೆ ಮಾತ್ರ ಜನ ಯೋಚಿಸುತ್ತಾರೆ.

ಹತ್ತರಲ್ಲಿ ಮೂರು

ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. ಮೂಳೆಯ ಎಕ್ಸ್‌ರೇ ಹೇಳುವುದೂ ಅಂದಾಜು ಮಾತ್ರ ಅಂದಿದ್ದೆನಲ್ಲ, ಆ ಮಾತು ಈಗ ಬೇಕು. ಒಂದು ಆಟದಲ್ಲಿ 10,000 ಐಡಿ ಇವೆ, ಅದರಲ್ಲಿ 500 ಸ್ಮರ್ಫ್ ಅಂದುಕೊಳ್ಳೋಣ. ನಮ್ಮ ಪತ್ತೆ ಯಂತ್ರ ಸ್ಮರ್ಫ್‌ಗಳಲ್ಲಿ 90% ಹಿಡಿಯುತ್ತದೆ. ಅಮಾಯಕರ ಮೇಲೆ ತಪ್ಪಾಗಿ ಬೆರಳು ತೋರಿಸುವುದು 2% ಮಾತ್ರ. ಕೇಳಲು ತುಂಬ ಚೆನ್ನಾಗಿದೆ. ಹಿಡಿದ ಸ್ಮರ್ಫ್‌ಗಳು 450. ಉಳಿದ 9,500 ಜನರಲ್ಲಿ 2% ಅಂದರೆ 190. ಒಟ್ಟು 640 ಐಡಿ ಸಿಕ್ಕಿಬಿದ್ದವು, ಅದರಲ್ಲಿ 190 ಅಮಾಯಕರದು. ಹತ್ತರಲ್ಲಿ ಮೂರು!

ಇದನ್ನು ನಾನು ಪಾಲಕರಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಿಕ್ಕಿಬಿದ್ದ ಹತ್ತು ಮಕ್ಕಳಲ್ಲಿ ಮೂವರನ್ನು ಮಾಡದ ತಪ್ಪಿಗೆ ಹೊರಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

ಮಕ್ಕಳ ವಿಷಯದಲ್ಲಿ ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಡೇಟಾ ಬಳಸಲು ಪಾಲಕರ ಒಪ್ಪಿಗೆ ಬೇಕು. ಅವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನು, ಕೆಲವು ವಿನಾಯಿತಿ ಬಿಟ್ಟರೆ, ಕಾಯ್ದೆ ತಡೆಯುತ್ತದೆ. ಬೆರಳಿನ ಲಯ ಹಿಡಿಯುವ ಜಾಣತನ ಎಷ್ಟೇ ಚೆಂದ ಇರಲಿ, ಅದು ಒಂದು ಮಗುವಿನ ದಾಖಲೆ ಅನ್ನುವುದನ್ನು ಮರೆಯಬಾರದು.

ಹಾಗಾದರೆ ಏನು ಮಾಡುವುದು? ನನಗೆ ನಿಧಾನವಾಗಿ ಹೊಳೆದದ್ದು ಇದು. ನಾವು ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದೆವು. "ಇವನು ಯಾರು?" ಅನ್ನುವುದು ಒಂದು. "ಇವನು ಎಷ್ಟು ಚೆನ್ನಾಗಿ ಆಡುತ್ತಾನೆ?" ಅನ್ನುವುದು ಇನ್ನೊಂದು. ಸರಿಯಾದ ಜೋಡಿ ಹುಡುಕಲು ಎರಡನೇ ಪ್ರಶ್ನೆ ಸಾಕು. ಸ್ಮರ್ಫ್ ಅಂತ ಅನುಮಾನ ಬಂದರೆ ಐಡಿ ಮುಚ್ಚಬೇಕಾಗಿಲ್ಲ. ಅವನ ಅಂಕಿಯನ್ನು ಬೇಗ ಬೇಗ ಮೇಲೆ ತಂದು ಸಮಬಲದವರ ನಡುವೆ ಬಿಟ್ಟರೆ ಆಯಿತು. ಅನುಮಾನ ತಪ್ಪಾಗಿದ್ದರೆ ಆ ಹುಡುಗ ಎರಡು ಆಟ ಸೋತು ತನ್ನ ಜಾಗಕ್ಕೆ ವಾಪಸ್ ಬರುತ್ತಾನೆ, ಅಷ್ಟೇ. ವ್ಯಾಲೊರಂಟ್ ಆಟ ನಡೆಸುವ ರಯಟ್ ಕಂಪನಿ 2022ರಲ್ಲಿ ವಿವರಿಸಿದ ಪದ್ಧತಿಯೂ ಹೆಚ್ಚುಕಡಿಮೆ ಇದೇ. ಯಂತ್ರ ಅನುಮಾನ ಪಟ್ಟ ಐಡಿಯನ್ನು ಅದು ಕೆಲವೇ ಆಟಗಳಲ್ಲಿ ಸರಿಯಾದ ಮಟ್ಟಕ್ಕೆ ತಳ್ಳುತ್ತದೆ.

ಒಬ್ಬನ ಕೈಯಲ್ಲಿ ಹತ್ತು ಊರು

"ಇವನು ಯಾರು?" ಅನ್ನುವ ಪ್ರಶ್ನೆ ನಿಜವಾಗಿ ಬೇಕಾಗುವುದು ಬೇರೆ ಜಾತಿಯ ಆಟಗಳಲ್ಲಿ. ಊರು ಕಟ್ಟುವ, ಸೈನ್ಯ ಬೆಳೆಸುವ ಆಟಗಳಲ್ಲಿ ಬಲ ಬೆರಳಲ್ಲಿ ಇರುವುದಿಲ್ಲ, ಖಜಾನೆಯಲ್ಲಿ ಇರುತ್ತದೆ. ಅಲ್ಲಿ ಒಬ್ಬ ಹತ್ತು ಐಡಿ ಮಾಡಿ ಒಂಬತ್ತರ ಧಾನ್ಯ, ಮರ, ಕಬ್ಬಿಣ ಎಲ್ಲವನ್ನೂ ಹತ್ತನೆಯದಕ್ಕೆ ಸುರಿಯಬಹುದು. ಟ್ರಾವಿಯನ್‌ನಂಥ ಆಟದಲ್ಲಿ ಒಂದು ಲೋಕದಲ್ಲಿ ಒಬ್ಬನಿಗೆ ಒಂದೇ ಐಡಿ ಅನ್ನುವ ನಿಯಮ ಇರುವುದು ಅದಕ್ಕೇ. ಇಂಥವರನ್ನು ಹಿಡಿಯಲು ವ್ಯಾಪಾರದ ಹರಿವು ನೋಡಿದರೆ ಸಾಕು. ಇಬ್ಬರು ನಿಜವಾದ ಗೆಳೆಯರ ನಡುವೆ ಕೊಡುವುದೂ ಇರುತ್ತದೆ, ತೆಗೆದುಕೊಳ್ಳುವುದೂ ಇರುತ್ತದೆ. ಒಬ್ಬನದೇ ಎರಡು ಐಡಿ ಇದ್ದರೆ ನೀರು ಒಂದೇ ಕಡೆ ಹರಿಯುತ್ತದೆ.

ಆದರೆ ಹಿಡಿಯುವುದಕ್ಕಿಂತ ಲಾಭವನ್ನೇ ಕಡಿಮೆ ಮಾಡುವುದು ಗಟ್ಟಿ ದಾರಿ. ಐಸ್‌ಲ್ಯಾಂಡಿನ ಕಂಪನಿ 2003ರಲ್ಲಿ ತಂದ, ಬಾಹ್ಯಾಕಾಶ ಹಡಗುಗಳ ಆಟ ಈವ್ ಆನ್‌ಲೈನ್ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ. ಅದರಲ್ಲಿ ಪ್ರತಿ ವಿದ್ಯೆಗೂ ಐದು ಮೆಟ್ಟಿಲು. ಸಾಮಾನ್ಯ ವಿದ್ಯೆಗೆ ಒಂದನೇ ಮೆಟ್ಟಿಲಿಗೆ 250 ಅಂಕ ಸಾಕು. ಎರಡಕ್ಕೆ 1,415. ಮೂರಕ್ಕೆ 8,000. ನಾಲ್ಕಕ್ಕೆ 45,255. ಐದಕ್ಕೆ 2,56,000. ಅಂಕ ಗಳಿಸಲು ಬೇಕಾದದ್ದು ಸಮಯ. ಆದರೆ ಎಷ್ಟೋ ವಿದ್ಯೆಗಳಲ್ಲಿ ಪ್ರತಿ ಮೆಟ್ಟಿಲಿಗೆ ಸಿಗುವ ಬಲ ಒಂದೇ, 5%. ಅಂದರೆ ಹಳೆಯ ಹುಲಿಗೆ 25% ಹೆಚ್ಚು ಬಲ, ನಾಲ್ಕನೇ ಮೆಟ್ಟಿಲಿನ ಹೊಸಬನಿಗೆ 20%. ಹೊಸಬ ಅಲ್ಲಿಗೆ ಬರಲು ಐದನೇ ಒಂದು ಪಾಲಿಗಿಂತ ಕಡಿಮೆ ಸಮಯ ಕೊಟ್ಟಿರುತ್ತಾನೆ. ಹಳಬನ ದುಡಿಮೆಗೆ ಬೆಲೆ ಇದೆ. ಹೊಸಬನಿಗೆ ಎದುರು ನಿಲ್ಲುವ ಧೈರ್ಯವೂ ಇದೆ. ಹಡಗಿಗೆ ಒಂದೇ ಥರದ ಉಪಕರಣ ಮತ್ತೆ ಮತ್ತೆ ಜೋಡಿಸಿದರೆ ಎರಡನೆಯದು ಸುಮಾರು 87%, ಮೂರನೆಯದು 57%, ನಾಲ್ಕನೆಯದು 28% ಮಾತ್ರ ಕೆಲಸ ಮಾಡುತ್ತದೆ. ರಾಶಿ ಹಾಕಿದಷ್ಟೂ ಫಲ ಕಡಿಮೆ.

ಆ ಆಟದಲ್ಲಿ ಒಬ್ಬ ಎಷ್ಟು ಐಡಿ ಬೇಕಾದರೂ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದು, ಗುಟ್ಟೇನೂ ಇಲ್ಲ. ಆದರೆ 2015ರ ಜನವರಿ 1ರಿಂದ ಒಂದು ಕೀಲಿ ಒತ್ತಿ ಹತ್ತು ಐಡಿಗಳನ್ನು ಒಟ್ಟಿಗೆ ನಡೆಸುವುದನ್ನು ಅವರು ನಿಷೇಧಿಸಿದರು. ಐಡಿ ಎಷ್ಟಿವೆ ಅನ್ನುವುದನ್ನು ಬಿಟ್ಟು, ಒಂದು ಕೈಗೆ ಹತ್ತು ಕೈಯ ಬಲ ಬರಬಾರದು ಅಂತ ನಿಯಮ ಮಾಡಿದರು. ತುಂಬ ಯೋಚಿಸಿ ಮಾಡಿದ ನಿಯಮ ಅದು.

ನಾಲ್ಕು ಬೆರಳಿನ ಹುಡುಗನನ್ನು ಆಮೇಲೆ ಒಂದು ದಿನ ಡೊಂಬಿವಲಿ ಸ್ಟೇಷನ್ ಹತ್ತಿರ ಕಂಡೆ. ವಡಾಪಾವ್ ತಿನ್ನುತ್ತ ಮಾತಾಡಿದೆವು. ಎರಡನೇ ಐಡಿ ಯಾಕೆ ಮಾಡಿದೆ ಅಂತ ಕೇಳಿದೆ. ಅವನ ಚಿಕ್ಕಪ್ಪನ ಮಗ ಕುಂದಾಪುರದಲ್ಲಿದ್ದಾನೆ, ಆಗಷ್ಟೇ ಆಡಲು ಶುರು ಮಾಡಿದ್ದ. ಇವನ ರ್ಯಾಂಕ್ ಮೇಲಿದ್ದದ್ದರಿಂದ ಇಬ್ಬರೂ ಒಂದೇ ತಂಡದಲ್ಲಿ ರ್ಯಾಂಕ್ ಆಟ ಆಡಲು ಆಗುತ್ತಿರಲಿಲ್ಲ. ತಮ್ಮನ ಜೊತೆ ಆಡಲು ಅಂತ ಐಡಿ ಮಾಡಿದ. ಪಂದ್ಯ ಬಂದಾಗ ಅದರಲ್ಲೇ ಸೇರಿಕೊಂಡ. ಕೊನೆಯದು ತಪ್ಪು, ಅವನಿಗೂ ಗೊತ್ತು. ಆದರೆ ಮೊದಲನೆಯದಕ್ಕೆ ನಾನು ಏನು ಹೇಳಲಿ? ಗೆಳೆಯರ ಜೊತೆ ಆಡುವ ಆಸೆ ಎರಡನೇ ಐಡಿಗೆ ದೊಡ್ಡ ಕಾರಣ ಅಂತ ರಯಟ್ ಕಂಪನಿಗೂ ಗೊತ್ತಾಗಿತ್ತು. ಅದಕ್ಕೇ ಅವರು ಐದು ಗೆಳೆಯರು ಪೂರ್ತಿ ತಂಡವಾಗಿ ಬಂದರೆ ರ್ಯಾಂಕ್ ಎಷ್ಟೇ ಬೇರೆ ಇದ್ದರೂ ಆಡಲು ಬಿಟ್ಟರು. ಅಂತರ ತುಂಬ ಜಾಸ್ತಿ ಇದ್ದರೆ ಗೆದ್ದಾಗ ಸಿಗುವ ಅಂಕ ಕಡಿಮೆ ಮಾಡಿದರು. ಎದುರು ತಂಡವೂ ಐದು ಗೆಳೆಯರದೇ ಆಗಿರುತ್ತದೆ.

ಬರುವ ರಾಜ್ಯೋತ್ಸವಕ್ಕೆ ನಮ್ಮ ಪಂದ್ಯದ ರೂಪ ಬದಲಾಗಿದೆ. ಐಡಿಯ ರ್ಯಾಂಕ್ ನಾವು ಕೇಳುವುದೇ ಇಲ್ಲ. ಫೋನು ಯಾರದು ಅಂತಲೂ ಕೇಳುವುದಿಲ್ಲ, ಕಲ್ಯಾಣದ ಅಣ್ಣ-ತಮ್ಮ ಒಂದೇ ಫೋನಿನಲ್ಲಿ ಆಡಬಹುದು. ಪ್ರತಿ ಮಗುವಿಗೂ ಮೊದಲು ಮೂರು ಆಟ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅದನ್ನು ನೋಡಿ ನಾವು ಸಾಲು ಮಾಡುತ್ತೇವೆ. ಆಮೇಲೆ ಅತ್ಯಂತ ಬಲದವನಿಗೆ ಅತ್ಯಂತ ಹೊಸಬನನ್ನು ಜೊತೆ ಮಾಡಿ, ಎರಡನೆಯವನಿಗೆ ಕೊನೆಯಿಂದ ಎರಡನೆಯವನನ್ನು ಜೊತೆ ಮಾಡಿ ತಂಡ ಕಟ್ಟುತ್ತೇವೆ. ನಾಲ್ಕು ಬೆರಳಿನ ಹುಡುಗ ಮೂಲ ಐಡಿಯಲ್ಲೇ ಬರುತ್ತೇನೆ ಅಂದಿದ್ದಾನೆ.

ಒಂದು ತೊಡಕು ಮಾತ್ರ ಉಳಿದಿತ್ತು. ಆ ಮೊದಲ ಮೂರು ಆಟದಲ್ಲಿ, ಯಾರು ಅಂತ ಗೊತ್ತಿಲ್ಲದ ಆಟಗಾರನ ಎದುರು ಯಾರನ್ನು ಕೂರಿಸುವುದು? ಅಲ್ಲಿ ಯಾರೋ ಒಬ್ಬರು ಸೋಲಲೇಬೇಕು. ಪಬ್‌ಜಿ ಮಾದರಿಯ ಆಟಗಳು ಕೆಳಗಿನ ಮಟ್ಟದ ಆಟಗಳಲ್ಲಿ ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರರನ್ನು, ತುಂಬಿ ಇದನ್ನು ದಾಟುತ್ತವೆ. ನಮ್ಮ ಹತ್ತಿರ ಬಾಟ್ ಇಲ್ಲ. ಹಾಗಾಗಿ ನಾವು ಆರು ಜನ ದೊಡ್ಡವರು ಜೂನ್‌ನಿಂದ ಪ್ರತಿ ಭಾನುವಾರ ಸಂಜೆ ಕೂತು ಆಡುವುದನ್ನು ಕಲಿಯುತ್ತಿದ್ದೇವೆ. ಮೊದಲ ಮೂರು ಆಟದಲ್ಲಿ ಮಕ್ಕಳ ಎದುರು ಕೂರುವವರು ನಾವೇ. ಆರನೇ ಕ್ಲಾಸಿನ ಹುಡುಗ ಈಗ ಏಳನೇ ಕ್ಲಾಸು. ಅವನ ಅಮ್ಮ ನಮ್ಮ ಆರು ಜನರಲ್ಲಿ ಒಬ್ಬರು.